ಮಗಳು ನೇವಿ ಪೈಲಟ್ ಆಗ್ತೇನೆ ಅಂತಾಳೆ: ದಾರಿ ಯಾವುದು, ಬದುಕು ಹೇಗೆ?

ಪ್ರಶ್ನೆ: ಕುಮಟೆಯ ಅಪ್ಪ

ಎಲ್ಲರಿಗೂ ನಮಸ್ಕಾರ. ಕುಮಟೆಯಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಪಂಪ್‌ಸೆಟ್, ಮಿಕ್ಸಿ, ಫ್ಯಾನ್ ರಿಪೇರಿ ಮಾಡುತ್ತೇನೆ. ನಮ್ಮ ಕುಟುಂಬದಲ್ಲಿ ಯಾರೂ ಸೈನ್ಯಕ್ಕೆ ಹೋದವರಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮಗಳು ಪಿಯುಸಿ ಮೊದಲ ವರ್ಷ, ಪಿಸಿಎಂ ಜೊತೆ ಕಂಪ್ಯೂಟರ್ ಸೈನ್ಸ್. ದೀಪಾವಳಿ ರಜೆಯಲ್ಲಿ ಕಾರವಾರದ ಕೋಡಿಬಾಗದಲ್ಲಿರುವ ನನ್ನ ತಂಗಿ ಮನೆಗೆ ಹೋಗಿದ್ದೆವು. ಸಂಜೆ ಟಾಗೋರ್ ಬೀಚಿಗೆ ಹೋದೆವು. ಅಲ್ಲಿ ಚಾಪೆಲ್ ಯುದ್ಧನೌಕೆಯ ಹತ್ತಿರ ಈಗ ನೇವಿಯ ಹಳೆಯ ಟುಪೊಲೆವ್ ವಿಮಾನ ಇಟ್ಟಿದ್ದಾರಲ್ಲ, ಎಷ್ಟು ದೊಡ್ಡದು ಮಾರಾಯ್ರೆ! ನಾಲ್ಕು ಎಂಜಿನ್. ಒಂದೊಂದಕ್ಕೂ ಎರಡೆರಡು ಫ್ಯಾನ್, ಒಂದರ ಹಿಂದೆ ಒಂದು. "ಅಪ್ಪ, ಎರಡು ಯಾಕೆ?" ಅಂತ ಮಗಳು ಕೇಳಿದಳು. ಎಲೆಗಳ ಓರೆ ನೋಡಿದರೆ ಎರಡೂ ಎದುರುಬದುರು ತಿರುಗುವವು ಅಂತ ನನಗೆ ಗೊತ್ತಾಯಿತು. ಮುಂದಿನದು ಸುತ್ತಿಸಿದ ಗಾಳಿಯನ್ನು ಹಿಂದಿನದು ನೇರ ಮಾಡುತ್ತದೆ ಅಂತ ಹೇಳಿದೆ. ಅವಳು ಕತ್ತಲಾಗುವ ತನಕ ಅದರ ಕೆಳಗೇ ನಿಂತಿದ್ದಳು. ಮನೆಗೆ ಬರುವಾಗ ಬಸ್ಸಿನಲ್ಲಿ ಹೇಳಿದಳು, "ನಾನು ನೇವಿ ಪೈಲಟ್ ಆಗ್ತೇನೆ."

ಒಂದು ವಾರದಲ್ಲಿ ಮರೆಯುತ್ತಾಳೆ ಅಂದುಕೊಂಡಿದ್ದೆ. ಈಗ ಒಂದು ತಿಂಗಳಾಯಿತು. ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಓಡುತ್ತಿದ್ದಾಳೆ. ಹಾಗಾಗಿ ಇದನ್ನು ಸುಮ್ನೆ ಮಾತು ಅಂತ ಬಿಡಲು ಮನಸ್ಸಿಲ್ಲ.

ಇಲ್ಲಿಂದ ಶುರು ಮಾಡುವುದು ಎಲ್ಲಿ? ದುಡ್ಡು ಎಷ್ಟು ಬೇಕು? ಖಾಸಗಿ ಪೈಲಟ್ ತರಬೇತಿಗೆ ಕೇಳುವ ಫೀಸು ನೋಡಿದರೆ ಅಂಗಡಿ ಮಾರಿದರೂ ಸಾಲುವುದಿಲ್ಲ. ಸೇರಿದ ಮೇಲೆ ಬದುಕು ಹೇಗಿರುತ್ತದೆ? ಕೆಲಸ ಮುಗಿಸಿ ಹೊರಗೆ ಬಂದ ಮೇಲೆ ಏನು? ಅಮೆರಿಕದಲ್ಲಿರುವ ನಮ್ಮ ಭಾವನ ಪಕ್ಕದ ಮನೆಯವರೊಬ್ಬರು ವಾರವೆಲ್ಲ ಏರ್‌ಲೈನ್ ವಿಮಾನ ಹಾರಿಸಿ, ತಿಂಗಳಲ್ಲಿ ಎರಡು ದಿನ ಮಿಲಿಟರಿ ವಿಮಾನ ಹಾರಿಸುತ್ತಾರಂತೆ. ರಿಸರ್ವ್ ಅಂತಾರಂತೆ ಅದಕ್ಕೆ. ನಮ್ಮಲ್ಲೂ ಹಾಗೆ ಉಂಟಾ?

ನಮ್ಮ ಅಮ್ಮನಿಗೆ ಇದು ಒಂಚೂರೂ ಇಷ್ಟವಿಲ್ಲ. "ಗಂಡಸರು ಸಮುದ್ರಕ್ಕೆ ಹೋದದ್ದು ಸಾಲದಾ?" ಅಂತಾರೆ. ನನ್ನ ಅಜ್ಜನ ಕಾಲದಲ್ಲಿ ನಮ್ಮದು ದೋಣಿ ಇದ್ದ ಮನೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಅಂಕೋಲೆ ಹುಡುಗ

ಅಣ್ಣ, ನಮಸ್ಕಾರ. ನಾನು ಆಯ್ಕೆ ಆದವನಲ್ಲ, ಕೊನೇ ಬಾಗಿಲ ತನಕ ಹೋಗಿ ವಾಪಸ್ ಬಂದವನು. ಆದರೂ ನನ್ನ ಅನುಭವ ತಂಗಿಗೆ ಬೇಕಾಗುತ್ತದೆ ಅಂತ ಬರೆಯುತ್ತಿದ್ದೇನೆ.

ನಾನು ಬಿಇ ಮುಗಿಸಿ ವಾಯುಪಡೆಗೆ ಅರ್ಜಿ ಹಾಕಿದ್ದೆ. ಮೈಸೂರಿನಲ್ಲಿ ಸಂದರ್ಶನ. ಐದು ದಿನ ಅಲ್ಲೇ ಇರಬೇಕು. ಊಟ, ಮಲಗುವ ಜಾಗ ಎಲ್ಲ ಅವರದ್ದೇ. ಮೊದಲ ದಿನವೇ ತುಂಬಾ ಜನರನ್ನು ಮನೆಗೆ ಕಳಿಸಿಬಿಡುತ್ತಾರೆ. ಉಳಿದವರಿಗೆ ಮನಶ್ಶಾಸ್ತ್ರದ ಪರೀಕ್ಷೆ, ಗುಂಪಿನಲ್ಲಿ ಹಲಗೆ ಹಗ್ಗ ಹಿಡಿದು ಮಾಡುವ ಕೆಲಸಗಳು, ಒಂದು ದೀರ್ಘ ಸಂದರ್ಶನ. ಅದೆಲ್ಲ ನನಗೆ ಆಯಿತು.

ಆಮೇಲೆ ಪೈಲಟ್‌ಗಳಿಗೆ ಮಾತ್ರ ಇರುವ ಕಂಪ್ಯೂಟರ್ ಪರೀಕ್ಷೆ. ಸಿಪಿಎಸ್‌ಎಸ್ ಅಂತಾರೆ. ಹಿಂದೆ ಇದನ್ನೇ ಪಿಎಬಿಟಿ ಅನ್ನುತ್ತಿದ್ದರು. ಕೈಯಲ್ಲಿ ಸ್ಟಿಕ್, ಕಾಲಡಿ ಪೆಡಲ್, ಎದುರಿಗೆ ಪರದೆ. ಪರದೆಯ ಮೇಲೆ ಜಾರುತ್ತಾ ಇರುವ ಗುರುತನ್ನು ನಡುವೆ ಹಿಡಿದು ನಿಲ್ಲಿಸಬೇಕು. ಅದರ ನಡುವೆಯೇ ದೀಪ ಹೊತ್ತುತ್ತದೆ, ಸದ್ದು ಬರುತ್ತದೆ, ಅದನ್ನೂ ಆರಿಸಬೇಕು. ನಾನು ದೀಪದ ಹಿಂದೆ ಹೋದೆ, ಗುರುತು ಕೈಬಿಟ್ಟು ಹೋಯಿತು. ಗುರುತನ್ನು ಹಿಡಿಯಲು ಹೋದೆ, ದೀಪ ಹಾಗೇ ಹೊತ್ತಿಕೊಂಡೇ ಇತ್ತು. ಕೆಲವೇ ನಿಮಿಷ. ಮುಗಿಯಿತು.

ಅಣ್ಣ, ಈ ಪರೀಕ್ಷೆ ಜೀವನದಲ್ಲಿ ಒಂದೇ ಸಲ. ಇಲ್ಲಿ ಫೇಲಾದರೆ ವಾಯುಪಡೆಗೂ ಆಗಲಿಲ್ಲ, ನೇವಿಗೂ ಆಗಲಿಲ್ಲ. ಇನ್ನೊಂದು ಅವಕಾಶ ಇಲ್ಲವೇ ಇಲ್ಲ. ಹಿಂದಿನ ರಾತ್ರಿ ಉತ್ಸಾಹದಲ್ಲಿ ನಾನು ನಿದ್ದೆ ಮಾಡಿರಲಿಲ್ಲ. ಅದೊಂದೇ ಕಾರಣ ಅಂತ ಹೇಳುವುದಿಲ್ಲ, ಆದರೆ ತಂಗಿಗೆ ಇದನ್ನು ಹೇಳಿ: ಆ ರಾತ್ರಿ ನಿದ್ದೆ ಮಾಡಲೇಬೇಕು. ಈಗಿಂದಲೇ ಎರಡು ಕೈಗೂ ಕಾಲಿಗೂ ಬೇರೆ ಬೇರೆ ಕೆಲಸ ಕೊಡುವ ಏನಾದರೂ ಅಭ್ಯಾಸ ಇದ್ದರೆ ಒಳ್ಳೆಯದು. ನನ್ನ ಜೊತೆ ಪಾಸಾದವನೊಬ್ಬ ಶಾಲೆಯಿಂದಲೂ ತಬಲಾ ಬಾರಿಸುತ್ತಿದ್ದ.

ಪೈಲಟ್ ಆಗದಿದ್ದರೂ ಹಾರುವ ಕೆಲಸ ಇದೆ ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ. ನೇವಿಯಲ್ಲಿ ಅಬ್ಸರ್ವರ್ ಅಂತ ಇದ್ದಾರೆ. ವಿಮಾನದೊಳಗೆ ಕೂತು ರಾಡಾರು, ಸೋನಾರು, ಆಯುಧ ನೋಡಿಕೊಳ್ಳುವವರು ಅವರೇ. ನೆಲದಲ್ಲಿ ಕೂತು ವಿಮಾನಗಳ ಸಂಚಾರ ನಿಯಂತ್ರಿಸುವ ಎಟಿಸಿ ವಿಭಾಗವೂ ಇದೆ. ನಾನೀಗ ಎಟಿಸಿ ಪರೀಕ್ಷೆಗೆ ಓದುತ್ತಿದ್ದೇನೆ.

ಉತ್ತರ: ಶಿರಸಿ ತೋಟ

ನಾನು ನೇವಿಯಲ್ಲಿ ಹೆಲಿಕಾಪ್ಟರ್ ಪೈಲಟ್ ಆಗಿದ್ದೆ. 1996ರಿಂದ 2010ರ ತನಕ. ಈಗ ಶಿರಸಿ ಹತ್ತಿರ ಅಪ್ಪ ಮಾಡಿಟ್ಟ ತೋಟ ನೋಡಿಕೊಂಡಿದ್ದೇನೆ. ಬೆಳಿಗ್ಗೆ ನಿಮ್ಮ ಪ್ರಶ್ನೆ ಓದಿದೆ. ಈಗ ಅಡಿಕೆ ಬೇಯಿಸುವ ಒಲೆ ಮುಂದೆ ಕೂತು ಬರೆಯುತ್ತಿದ್ದೇನೆ, ಉದ್ದ ಆಗುತ್ತದೆ.

ಮಗಳು ನೋಡಿದ ಆ ಟುಪೊಲೆವ್ ನನಗೆ ಗೊತ್ತು. ತಮಿಳುನಾಡಿನ ಅರಕ್ಕೋಣಂನಲ್ಲಿ ನಾವು ಚೇತಕ್ ಹೆಲಿಕಾಪ್ಟರ್ ಕಲಿಯುವಾಗ ಅವು ಅಲ್ಲೇ ಇದ್ದವು. ಅಲ್ಲಿನ ರನ್‌ವೇ ನಾಲ್ಕು ಕಿಲೋಮೀಟರಿಗೂ ಉದ್ದ. ಟುಪೊಲೆವ್ ಎಂಜಿನ್ ಚಾಲೂ ಮಾಡಿದರೆ ಕ್ಲಾಸಿನಲ್ಲಿ ಪಾಠ ನಿಲ್ಲಿಸಬೇಕಾಗುತ್ತಿತ್ತು, ಕಿಟಕಿಯ ಗಾಜು ನಡುಗುತ್ತಿತ್ತು. 1988ರಲ್ಲಿ ಬಂದ ವಿಮಾನಗಳವು, 2017ರಲ್ಲಿ ನಿವೃತ್ತಿ. ಸಮುದ್ರದ ಮೇಲೆ ದೂರ ಹಾರಿ ಕಾವಲು ಕಾಯುವ ಅವುಗಳ ಕೆಲಸವನ್ನು ಈಗ ಪಿ-8ಐ ವಿಮಾನ ಮಾಡುತ್ತಿದೆ. ಫ್ಯಾನಿನ ಬಗ್ಗೆ ನೀವು ಮಗಳಿಗೆ ಹೇಳಿದ್ದು ಸರಿಯಾಗಿಯೇ ಇದೆ.

ದುಡ್ಡಿನ ಚಿಂತೆ ಮೊದಲು ಬಿಟ್ಟುಬಿಡಿ. ಖಾಸಗಿ ಶಾಲೆಯಲ್ಲಿ ಲೈಸೆನ್ಸ್ ಮಾಡಿಕೊಂಡು ಬರಬೇಕಾಗಿಲ್ಲ. ಹಾರುವುದನ್ನು ಸರ್ಕಾರವೇ ಕಲಿಸುತ್ತದೆ, ಕಲಿಯುವಾಗ ಸ್ಟೈಪೆಂಡ್ ಕೂಡ ಕೊಡುತ್ತದೆ. ಸಬ್ ಲೆಫ್ಟಿನೆಂಟ್ ಆದಾಗ ಮೂಲ ವೇತನ 56,100, ಅದರ ಮೇಲೆ ಮಿಲಿಟರಿ ಸರ್ವಿಸ್ ಪೇ 15,500, ಡಿಎ ಬೇರೆ. ಹಾರಾಟದ ಭತ್ಯೆ ಅಂತ ಏಳನೇ ವೇತನ ಆಯೋಗ ತಿಂಗಳಿಗೆ 25,000 ಇಟ್ಟಿತ್ತು. ಸಂದರ್ಶನಕ್ಕೆ ಮೊದಲ ಸಲ ಹೋಗುವವರಿಗೆ ರೈಲಿನ ತರ್ಡ್ ಎಸಿ ಚಾರ್ಜು ಸಹ ವಾಪಸ್ ಸಿಗುತ್ತದೆ.

ಅವಳ ಮುಂದೆ ಮುಖ್ಯ ದಾರಿ ಎರಡು. ಒಂದು, ಎನ್‌ಡಿಎ, ಅಂದರೆ ಮೂರೂ ಸೇನೆಗೆ ಅಧಿಕಾರಿಗಳನ್ನು ತಯಾರು ಮಾಡುವ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡುತ್ತದೆ. ಗಣಿತಕ್ಕೆ 300 ಅಂಕ, ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ ಸೇರಿದ ಪತ್ರಿಕೆಗೆ 600, ಆಮೇಲೆ ಸಂದರ್ಶನಕ್ಕೆ 900. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಪಿಯುಸಿ ಎರಡನೇ ವರ್ಷದಲ್ಲಿರುವಾಗಲೇ ಬರೆಯಬಹುದು. ನಿಮಗೆ ಧಾರವಾಡ ಸೆಂಟರ್ ಹತ್ತಿರ. ಹುಡುಗಿಯರಿಗೆ ಅರ್ಜಿ ಶುಲ್ಕ ಇಲ್ಲ. ಸುಪ್ರೀಂ ಕೋರ್ಟ್ 2021ರಲ್ಲಿ ಬಾಗಿಲು ತೆಗೆಸಿದ ಮೇಲೆ 2022ರಲ್ಲಿ ಹುಡುಗಿಯರ ಮೊದಲ ಬ್ಯಾಚ್ ಒಳಗೆ ಹೋಯಿತು. 2025ರ ಮೇ ತಿಂಗಳಲ್ಲಿ 17 ಜನ ಪಾಸಾಗಿ ಹೊರಗೆ ಬಂದರು. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುತ್ತದೆ, ಅದಕ್ಕೆ ಇಂಗ್ಲಿಷ್ ಪೇಪರ್ ದಿನಾ ಓದಿಸಿ. ಪುಣೆ ಹತ್ತಿರದ ಖಡಕವಾಸ್ಲಾದಲ್ಲಿ ಮೂರು ವರ್ಷ, ಆಮೇಲೆ ನೇವಿಯಾದರೆ ಕೇರಳದ ಎಳಿಮಲದ ನೌಕಾ ಅಕಾಡೆಮಿಯಲ್ಲಿ ಒಂದು ವರ್ಷ. ಇದು ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿ ತನಕದ ಕೆಲಸ.

ಇನ್ನೊಂದು, ನಾನು ಹೋದ ದಾರಿ. ಶಾರ್ಟ್ ಸರ್ವಿಸ್, ಅಂದರೆ ಇಂತಿಷ್ಟೇ ವರ್ಷ ಅಂತ ಇರುವ ಕೆಲಸ. ಬಿಇಯಲ್ಲಿ 60 ಪರ್ಸೆಂಟ್ ಬೇಕು, ಹತ್ತನೇ ಕ್ಲಾಸು ಮತ್ತು ಪಿಯುಸಿಯಲ್ಲೂ 60 ಬೇಕು. ಲಿಖಿತ ಪರೀಕ್ಷೆ ಇಲ್ಲ. ಅಂಕ ನೋಡಿ ಸಂದರ್ಶನಕ್ಕೆ ಕರೆಯುತ್ತಾರೆ. ಎಳಿಮಲದಲ್ಲಿ 22 ವಾರ, ಅಲ್ಲಿಂದ ಹಾರಾಟಕ್ಕೆ. ನಮ್ಮ ಕಾಲದಲ್ಲಿ ಅಕಾಡೆಮಿ ಗೋವಾದ ಮಾಂಡವಿ ದಂಡೆಯಲ್ಲಿತ್ತು. ಹಾರಾಟ ಕಲಿತದ್ದು ಅಲಹಾಬಾದಿನಲ್ಲಿ, ಎಚ್‌ಎಎಲ್ ಮಾಡಿದ ಎಚ್‌ಪಿಟಿ-32 ತರಬೇತಿ ವಿಮಾನದಲ್ಲಿ. ಈಗಿನ ಮಕ್ಕಳು ಹೈದರಾಬಾದ್ ಹತ್ತಿರ ದುಂಡಿಗಲ್‌ನಲ್ಲಿ ಪಿಲಾಟಸ್ ಹಾರಿಸುತ್ತಾರೆ.

ಅದಾದ ಮೇಲೆ ಕವಲು ಒಡೆಯುತ್ತದೆ. ಹೆಲಿಕಾಪ್ಟರ್ ಸಿಕ್ಕಿದವರು ಅರಕ್ಕೋಣಂಗೆ. ಸಣ್ಣ ಕಾವಲು ವಿಮಾನ ಡಾರ್ನಿಯರ್ ಸಿಕ್ಕಿದವರು ಕೊಚ್ಚಿಗೆ. ಫೈಟರ್ ಸಿಕ್ಕಿದವರು ವಿಶಾಖಪಟ್ಟಣದಲ್ಲಿ ಹಾಕ್ ತರಬೇತಿ ಜೆಟ್, ಆಮೇಲೆ ಗೋವಾದಲ್ಲಿ ಮಿಗ್-29ಕೆ. ನಿಮ್ಮ ಕಾರವಾರದಲ್ಲಿ ನಿಲ್ಲುವ ವಿಮಾನವಾಹಕ ಹಡಗು ವಿಕ್ರಮಾದಿತ್ಯದ ಡೆಕ್ ಮೇಲೆ ಇಳಿಯುವವರು ಅವರೇ. ಮುಂದೆ ವಿಮಾನವಾಹಕ ಹಡಗಿನಿಂದ ಹಾರಲೆಂದೇ 26 ರಫೇಲ್ ಬರುತ್ತವೆ, 2025ರ ಏಪ್ರಿಲ್‌ನಲ್ಲಿ ಒಪ್ಪಂದ ಆಗಿದೆ. ಹುಡುಗಿಯರ ವಿಚಾರ ಹೇಳಬೇಕು ಅಂದರೆ, ನೇವಿಯ ಮೊದಲ ಮಹಿಳಾ ಪೈಲಟ್ ಶಿವಾಂಗಿ 2019ರ ಡಿಸೆಂಬರ್‌ನಲ್ಲಿ ಕೊಚ್ಚಿಯಲ್ಲಿ ಡಾರ್ನಿಯರ್ ಹಾರಿಸಲು ಶುರು ಮಾಡಿದರು. ಫೈಟರ್ ಕವಲಿಗೆ ಮೊದಲು ಹೋದವರು ಆಸ್ಥಾ ಪೂನಿಯಾ, 2025ರ ಜುಲೈನಲ್ಲಿ. ಹಾಗಾಗಿ ನಿಮ್ಮ ಮಗಳಿಗೆ ಮುಚ್ಚಿದ ಬಾಗಿಲು ಯಾವುದೂ ಉಳಿದಿಲ್ಲ.

ಅಂಕೋಲೆಯ ತಮ್ಮ ಹೇಳಿದ ಮಾತು ನಿಜ, ಒಂದೇ ಸಲದ ಪರೀಕ್ಷೆ. ಅದಕ್ಕೂ ಮೊದಲು ಮನೆಯಲ್ಲೇ ನೋಡಿಕೊಳ್ಳಬಹುದಾದದ್ದು ದೇಹ. ಎತ್ತರ 162.5 ಸೆಂಟಿಮೀಟರಿಗೆ ಕಡಿಮೆ ಇರಬಾರದು. ಗೋಡೆಗೆ ಬೆನ್ನು ಒತ್ತಿ, ಕಾಲು ನೇರ ಚಾಚಿ ನೆಲದ ಮೇಲೆ ಕೂರಿಸಿ. ಗೋಡೆಯಿಂದ ಹಿಮ್ಮಡಿಗೆ 99ರಿಂದ 120 ಸೆಂ.ಮೀ. ಇರಬೇಕು. ಇದು ಸೌಂದರ್ಯದ ಲೆಕ್ಕ ಅಲ್ಲ, ಕಾಕ್‌ಪಿಟ್ಟಿನಲ್ಲಿ ಪೆಡಲ್ ಮುಟ್ಟಬೇಕು, ಮೊಣಕಾಲು ಪ್ಯಾನೆಲಿಗೆ ತಾಗಬಾರದು, ಅಷ್ಟೇ. ಬಣ್ಣ ಗುರುತಿಸುವ ಚುಕ್ಕಿ ಪುಸ್ತಕ ಕಣ್ಣಿನ ಡಾಕ್ಟರ ಹತ್ತಿರ ಇರುತ್ತದೆ, ಒಮ್ಮೆ ತೋರಿಸಿ. ಕನ್ನಡಕ ಬಂದಿದ್ದರೆ ಈಗಲೇ ತಿಳಿಯುವುದು ಒಳ್ಳೆಯದು. ಎರಡು ವರ್ಷ ಓದಿ, ಸಂದರ್ಶನ ಗೆದ್ದು, ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಬಣ್ಣ ಗುರುತಿಸಲಾಗದ ಕಾರಣಕ್ಕೆ ಅನ್‌ಫಿಟ್ ಆಗಿ ಅತ್ತ ಹುಡುಗರನ್ನು ನಾನು ನೋಡಿದ್ದೇನೆ. ಅದು ಅವರ ತಪ್ಪಲ್ಲ, ಮೊದಲೇ ಯಾರೂ ನೋಡಿರಲಿಲ್ಲ.

ಇನ್ನು ಈಜು. ಕಡಲ ಮಗ್ಗುಲ ಮಕ್ಕಳಿಗೆ ಈಜು ಬರುತ್ತದೆ ಅಂತ ಅಂದುಕೊಳ್ಳುತ್ತಾರೆ, ಎಷ್ಟೋ ಮಕ್ಕಳಿಗೆ ಬರುವುದಿಲ್ಲ. ಮಗಳಿಗೆ ಕಲಿಸಿ. ಕೊಚ್ಚಿಯಲ್ಲಿ ನೇವಿಯ ಒಂದು ಕೊಳ ಇದೆ. ಹೆಲಿಕಾಪ್ಟರಿನ ಹೊಟ್ಟೆಯಂಥ ಡಬ್ಬದಲ್ಲಿ ಬೆಲ್ಟ್ ಕಟ್ಟಿ ಕೂರಿಸಿ, ನೀರಿಗೆ ಇಳಿಸಿ, ತಲೆಕೆಳಗು ಮಾಡುತ್ತಾರೆ. ಮೂಗಿನೊಳಗೆ ನೀರು ನುಗ್ಗುತ್ತದೆ. ಮೇಲೆ ಯಾವುದು, ಕೆಳಗೆ ಯಾವುದು ಗೊತ್ತಾಗುವುದಿಲ್ಲ. ಆಗ ಒಂದು ಕೈ ಕಿಟಕಿಯ ಅಂಚನ್ನು ಹಿಡಿದಿರಬೇಕು. ಏನೇ ಆದರೂ ಆ ಕೈ ಬಿಡಬಾರದು. ಡಬ್ಬ ತಿರುಗುವುದು ನಿಂತ ಮೇಲೆ ಇನ್ನೊಂದು ಕೈಯಿಂದ ಬೆಲ್ಟ್ ಬಿಚ್ಚಬೇಕು. ಮೊದಲೇ ಬಿಚ್ಚಿದವನು ಒಳಗೇ ತೇಲುತ್ತಾನೆ, ಕಿಟಕಿ ಸಿಗುವುದಿಲ್ಲ. ನಾನು ಮೊದಲ ಸಲ ಅವಸರಪಟ್ಟೆ. ಡೈವರ್ ನನ್ನ ಕಾಲರ್ ಹಿಡಿದು ಹೊರಗೆ ಎಳೆದ. ಎರಡನೇ ಸಲ ಮನಸ್ಸಿನಲ್ಲಿ ಎಂಟರ ತನಕ ಎಣಿಸಿದೆ, ಸರಿಯಾಯಿತು. ಚೇತಕ್‌ಗೆ ಒಂದೇ ಎಂಜಿನ್. ಸಮುದ್ರದ ಮೇಲೆ ಹಾರುವ ಪ್ರತಿದಿನವೂ ಕಿಟಕಿಯ ಅಂಚು ಎಲ್ಲಿದೆ ಅಂತ ಕೈಯಲ್ಲಿ ಒಮ್ಮೆ ಮುಟ್ಟಿ ನೋಡಿಯೇ ಹೊರಡುತ್ತಿದ್ದೆ.

ಬದುಕು ಹೇಗೆ ಅಂತ ಕೇಳಿದ್ದೀರಿ. ಹಾರಾಟ ಒಂದು ಗಂಟೆಯಾದರೆ ಅದರ ತಯಾರಿ ನಾಲ್ಕು ಗಂಟೆ. ಬೆಳಿಗ್ಗೆ ಹವಾಮಾನದ ಬ್ರೀಫಿಂಗ್. ಆಮೇಲೆ ನಾವಿಕರ ರಜೆ ಅರ್ಜಿ, ಮೆಸ್ಸಿನ ಲೆಕ್ಕ, ವಿಚಾರಣೆಗಳು. ಹಡಗಿಗೆ ಹಾಕಿದರೆ ತಿಂಗಳುಗಟ್ಟಲೆ ನೀರಿನ ಮೇಲೆ. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ನನ್ನ ಸರ್ವಿಸಿನಲ್ಲಿ ಏಳು ಜಾತ್ರೆ ಆದವು, ನಾನು ಬಂದದ್ದು ಎರಡಕ್ಕೆ. ಅಪ್ಪನಿಗೆ ಆಪರೇಷನ್ ಆದಾಗ ನಾನು ಸೇಶೆಲ್ಸ್ ದಾರಿಯಲ್ಲಿದ್ದೆ. ಊರಿಗೆ ಬಂದು ನೋಡುವಾಗ ಅವರು ಕೋಲು ಹಿಡಿದು ತೋಟಕ್ಕೆ ಹೋಗಲು ಶುರು ಮಾಡಿ ಆಗಿತ್ತು.

ಆದರೂ ಯಾಕೆ ಮಾಡಿದೆ? ಒಂದು ದಿನದ ಕತೆ ಹೇಳುತ್ತೇನೆ. ಆಗಸ್ಟ್ ತಿಂಗಳು, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಆಗಷ್ಟೇ ಕಡಲಿಗೆ ಇಳಿದಿದ್ದವು. ನಮ್ಮ ಹಡಗು ಕೊಚ್ಚಿ ಕಡೆ ಹೋಗುತ್ತಿತ್ತು. ಕಾರವಾರದಿಂದ ಆಚೆ ಒಂದು ಟ್ರಾಲರ್ ಬೋಟು ಮುಳುಗುತ್ತಿದೆ ಅಂತ ಕರೆ ಬಂತು. ಬೋಟಿನ ಮೇಲೆ ನಿಂತು ಹಾರುವಾಗ ಪೈಲಟ್‌ಗೆ ಕೆಳಗಿನದು ಏನೂ ಕಾಣುವುದಿಲ್ಲ. ಬಾಗಿಲಲ್ಲಿ ಮಲಗಿದ ಸಿಬ್ಬಂದಿ ಹೇಳುತ್ತಾನೆ, "ಮುಂದೆ ಎರಡು ಮೀಟರ್, ಬಲಕ್ಕೆ ಒಂದು, ನಿಲ್ಲಿಸಿ." ಅವನ ದನಿಯೇ ನಮ್ಮ ಕಣ್ಣು. ಬೋಟಿನ ಕಂಬ ಅಲೆಯ ಜೊತೆ ಮೇಲೆ ಕೆಳಗೆ ಆಡುತ್ತಿತ್ತು, ಜನರನ್ನು ಮೇಲೆತ್ತುವ ವಿಂಚಿನ ತಂತಿ ಅದಕ್ಕೆ ಸುತ್ತಿಕೊಂಡರೆ ಎಲ್ಲರದೂ ಮುಗಿಯಿತು. ನಾಲ್ಕು ಜನರನ್ನು ಒಬ್ಬೊಬ್ಬರಾಗಿ ಎತ್ತಿದೆವು. ಕೊನೆಗೆ ಬಂದವರು ವಯಸ್ಸಾದವರು, ತದಡಿ ಕಡೆಯವರು. ಒಳಗೆ ಬಿದ್ದವರೇ ನನ್ನ ಭುಜ ಹಿಡಿದು ಕೂಗಿ ಕೇಳಿದರು, "ಬಲೆ ಏನಾಯ್ತು?" ನಾನು ಕನ್ನಡದಲ್ಲೇ, "ಅಜ್ಜ, ಗಟ್ಟಿಯಾಗಿ ಹಿಡ್ಕೊಳಿ" ಅಂದೆ. ಅವರು ಬಾಯಿ ತೆರೆದು ನನ್ನ ಮುಖವನ್ನೇ ನೋಡಿದರು. ಹೆಲ್ಮೆಟ್ ಹಾಕಿದವನೊಬ್ಬ ತಮ್ಮ ಮಾತು ಆಡುತ್ತಾನೆ ಅಂತ ಅವರು ಎಣಿಸಿರಲಿಲ್ಲ.

ಈಗ ಮುಖ್ಯವಾದ ಮಾತು. ಶಾರ್ಟ್ ಸರ್ವಿಸ್ ಅಂದರೆ 10 ವರ್ಷ, ಬೇಕಾದರೆ ಮತ್ತೆ 4. ಪಿಂಚಣಿ ಇಲ್ಲ, ಗ್ರಾಚ್ಯುಟಿ ಮಾತ್ರ. ಅಧಿಕಾರಿಗಳ ಪಿಂಚಣಿಗೆ 20 ವರ್ಷ ಬೇಕು. ನಾನು ಹೊರಗೆ ಬಂದಾಗ ವಯಸ್ಸು 37, ಸೊಂಟ ನೋವು, ಇಬ್ಬರು ಮಕ್ಕಳು. ಕಡೆಯ ಎರಡು ವರ್ಷ ಕೂತು ಸಿವಿಲ್ ಪೈಲಟ್ ಲೈಸೆನ್ಸ್ ಕೊಡುವ ಡಿಜಿಸಿಎ ಇಲಾಖೆಯ ಪರೀಕ್ಷೆ ಬರೆದಿದ್ದರಿಂದ ಬಚಾವಾದೆ. ಮಿಲಿಟರಿಯಲ್ಲಿ ಹಾರಿದ ಗಂಟೆಗಳು ಲೆಕ್ಕಕ್ಕೆ ಸಿಗುತ್ತವೆ, ಆದರೆ ಪರೀಕ್ಷೆ ಬರೆಯದೆ ಸಿವಿಲ್ ಲೈಸೆನ್ಸ್ ಸಿಗುವುದಿಲ್ಲ. ಆಮೇಲೆ ಜುಹುವಿನಿಂದ ಬಾಂಬೆ ಹೈ ಎಣ್ಣೆ ಬಾವಿಗಳಿಗೆ ಕೆಲಸಗಾರರನ್ನು ಸಾಗಿಸುವ ಹೆಲಿಕಾಪ್ಟರ್ ಹಾರಿಸಿದೆ. ನನ್ನ ಬ್ಯಾಚಿನ ಇನ್ನೊಬ್ಬ "ಆಮೇಲೆ ಓದಿದರಾಯಿತು" ಅಂತ ಬಿಟ್ಟ. ಹೊರಗೆ ಬಂದು ಮೂರು ವರ್ಷ ಕೆಲಸವಿಲ್ಲದೆ ಕಷ್ಟಪಟ್ಟ. ಅವನು ನನಗಿಂತ ಒಳ್ಳೆಯ ಪೈಲಟ್. ಅದಕ್ಕೇ ಹೇಳುವುದು, ಸಾಧ್ಯವಾದರೆ ಎನ್‌ಡಿಎ ದಾರಿಯಲ್ಲೇ ಹೋಗಲಿ. ಶಾರ್ಟ್ ಸರ್ವಿಸ್ ಆದರೆ ಹೊರಗೆ ಬರುವ ವರ್ಷವನ್ನು ಸೇರಿದ ದಿನವೇ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಲಿ.

ಉತ್ತರ: ಹೊನ್ನಾವರದ ಅಕ್ಕ

ನನ್ನ ಯಜಮಾನರು ಈಗ ಗೋವಾದಲ್ಲಿ ಪಿ-8ಐ ಪೈಲಟ್. ನಾನು ಹೊನ್ನಾವರದವಳು. ಶಿರಸಿಯವರು ಎಲ್ಲ ಹೇಳಿದ್ದಾರೆ, ಮನೆಯ ಕಡೆಯದು ನಾನು ಹೇಳುತ್ತೇನೆ.

ಮದುವೆಯಾಗಿ ಹನ್ನೊಂದು ವರ್ಷ. ಅರಕ್ಕೋಣಂ, ಪೋರ್ಟ್ ಬ್ಲೇರ್, ಮತ್ತೆ ಅರಕ್ಕೋಣಂ, ಈಗ ಗೋವಾ. ನಮ್ಮ ಸಾಮಾನೆಲ್ಲ ಕಪ್ಪು ಕಬ್ಬಿಣದ ಟ್ರಂಕುಗಳಲ್ಲಿ ಇರುತ್ತದೆ. ಬಿಳಿ ಪೇಂಟಿನಲ್ಲಿ ಹೆಸರು, ನಂಬರ್. ಹದಿನಾಲ್ಕು ಟ್ರಂಕು. ಒಂಬತ್ತನೇ ನಂಬರಿನಲ್ಲಿ ದೋಸೆ ಕಾವಲಿ, ಒರಳು, ಅಮ್ಮ ಕೊಟ್ಟ ಅಪ್ಪೆ ಮಿಡಿ ಭರಣಿ ಇಡುವುದು. ಯಾವ ಊರಿಗೆ ಹೋದರೂ ಮೊದಲು ಬಿಚ್ಚುವುದು ಒಂಬತ್ತನೆಯದೇ. ಮಗ ಮೂರನೇ ಕ್ಲಾಸಿಗೆ ಬರುವಷ್ಟರಲ್ಲಿ ಮೂರು ಶಾಲೆ ನೋಡಿದ. ನಾನು ಬಿಎಡ್ ಮಾಡಿದವಳು. ಪ್ರತಿ ಊರಿನಲ್ಲೂ ಹೊಸದಾಗಿ ಕೆಲಸ ಹುಡುಕಬೇಕು, ಸಿಕ್ಕಿ ಒಂದು ವರ್ಷ ಆಗುವಾಗ ಬಿಡಬೇಕು. ಇದು ನನಗೆ ಈಗಲೂ ನೋವಿನ ವಿಷಯವೇ.

"ನಾಳೆ ಇರಲ್ಲ" ಅಂತ ಹೇಳಿ ಹೋಗುತ್ತಾರೆ. ಎಲ್ಲಿಗೆ, ಎಷ್ಟು ಹೊತ್ತು ಅಂತ ನಾನು ಕೇಳುವುದಿಲ್ಲ. ವಾಪಸ್ ಬಂದಾಗ ಕಿವಿಯ ಸುತ್ತ ಹೆಡ್‌ಸೆಟ್ಟಿನ ಗೆರೆ ಇದ್ದರೆ ಜಾಸ್ತಿ ಹೊತ್ತು ಹಾರಿದ್ದಾರೆ ಅಂತ ನನಗೇ ಗೊತ್ತಾಗುತ್ತದೆ.

ನಿಮ್ಮ ಮಗಳ ವಿಷಯ ಬೇರೆ, ಅವಳೇ ಪೈಲಟ್. ಅವಳ ಟ್ರಂಕಿನ ಹಿಂದೆ ಊರೂರು ತಿರುಗಲು ಒಪ್ಪುವ ಗಂಡ ಸಿಗಬೇಕು. ನಮ್ಮ ಕಾಲೊನಿಯಲ್ಲಿ ಒಬ್ಬ ಹುಡುಗಿ ಪೈಲಟ್ ಇದ್ದಾಳೆ. ಅವಳ ಗಂಡನೂ ನೇವಿ. ಇಬ್ಬರಿಗೂ ಒಂದೇ ಊರಿನ ಪೋಸ್ಟಿಂಗ್ ಸಿಕ್ಕಿದ ದಿನ ಅವಳು ಎಲ್ಲರ ಮನೆಗೂ ಸಿಹಿ ಹಂಚಿದಳು. ಶಾರ್ಟ್ ಸರ್ವಿಸ್‌ನ ಹೆಣ್ಣುಮಕ್ಕಳಿಗೂ ಪರ್ಮನೆಂಟ್ ಕಮಿಷನ್ ಕೊಡಬೇಕು ಅಂತ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ನೇವಿ ಬಗ್ಗೆಯೇ ತೀರ್ಪು ಕೊಟ್ಟಿದೆ. ಹೆರಿಗೆ ರಜೆ 180 ದಿನ ಇದೆ. ಇವೆಲ್ಲ ಅಜ್ಜಿಗೆ ಹೇಳಿ. ಇನ್ನೊಂದು ಮಾತು: ಶಿರಸಿ ಅಣ್ಣ ಹೇಳಿದ ಹೊರಗಿನ ಕೆಲಸದ ವಿಚಾರಕ್ಕೆ ಬಂದರೆ, ಪಿ-8ಐ ಅಂದರೆ ಮೂಲದಲ್ಲಿ ಬೋಯಿಂಗ್ 737 ವಿಮಾನವೇ. ರೆಕ್ಕೆಯ ವಿಮಾನ ಹಾರಿಸಿದವರಿಗೆ ಏರ್‌ಲೈನ್ ದಾರಿ ಹೆಲಿಕಾಪ್ಟರಿನವರಿಗಿಂತ ಸಲೀಸು.

ಕುಮಟೆಯ ಅಪ್ಪ

ಎಲ್ಲರಿಗೂ ಕೈ ಮುಗಿದೆ. ನಿಮ್ಮ ಉತ್ತರಗಳನ್ನು ಪ್ರಿಂಟ್ ತೆಗೆಸಿ ಮನೆಯಲ್ಲಿ ಓದಿದೆವು. ಎತ್ತರ 164 ಬಂತು. ಟೈಲರ್ ಟೇಪಿನಲ್ಲಿ ಕಾಲು ಅಳೆದೆ, 101. ಎರಡು ಸಲ ಅಳೆಸಿಕೊಂಡಳು. ಕಣ್ಣಿನ ಡಾಕ್ಟರ ಹತ್ತಿರ ಶನಿವಾರ ಹೋಗುತ್ತೇವೆ. ಈಜು ಅವಳಿಗೆ ಬರುವುದಿಲ್ಲ, ಅಲ್ಲಿ ನೀವು ಸರಿಯಾಗಿ ಹಿಡಿದಿರಿ. ಬೇಸಿಗೆಗೆ ಕಲಿಸುತ್ತೇನೆ.

ರಿಸರ್ವ್ ಬಗ್ಗೆ ಕೇಳಿದ್ದು ಉಳಿಯಿತು. ಮತ್ತೆ, ನಮ್ಮ ಅಮ್ಮ ಒಂದು ಪ್ರಶ್ನೆ ಕೇಳಲು ಹೇಳಿದ್ದಾರೆ. ಆ ತದಡಿ ಅಜ್ಜನ ಬಲೆ ಸಿಕ್ಕಿತಾ?

ಶಿರಸಿ ತೋಟ

ಹೌದು, ರಿಸರ್ವ್ ಬಿಟ್ಟೇ ಹೋಯಿತು. ನಿಮ್ಮ ಭಾವ ಹೇಳಿದ್ದು ಸರಿ. ಅಮೆರಿಕದಲ್ಲಿ ನೇವಿ ರಿಸರ್ವ್, ಏರ್ ನ್ಯಾಷನಲ್ ಗಾರ್ಡ್ ಅಂತ ಇವೆ. ತಿಂಗಳಿಗೆ ಒಂದು ಶನಿವಾರ ಭಾನುವಾರ, ವರ್ಷಕ್ಕೆ ಎರಡು ವಾರ ಅನ್ನುವುದು ಅಲ್ಲಿನ ಹಳೆಯ ಲೆಕ್ಕ, ಪೈಲಟ್‌ಗಳು ಅದಕ್ಕಿಂತ ಜಾಸ್ತಿಯೇ ಹಾರುತ್ತಾರೆ. ಉಳಿದ ದಿನ ಏರ್‌ಲೈನ್ ಕೆಲಸ. ಸರ್ವಿಸ್ ಬಿಟ್ಟವರು ಅಲ್ಲಿ ಸೇರಿಕೊಂಡರೆ ಎರಡೂ ಕಡೆ ಕೈ ಪಳಗಿರುತ್ತದೆ.

ನಮ್ಮಲ್ಲಿ ಹಾಗೆ ಪಾರ್ಟ್‌ಟೈಮ್ ಮಿಲಿಟರಿ ಪೈಲಟ್ ಇಲ್ಲ. ಕಾನೂನು ಇದೆ, 1952ರ ರಿಸರ್ವ್ ಮತ್ತು ಆಕ್ಸಿಲರಿ ವಾಯುಪಡೆ ಕಾಯ್ದೆ. ಆ ಕಾಲದಲ್ಲಿ ದೊಡ್ಡ ಊರುಗಳಲ್ಲಿ ಆಕ್ಸಿಲರಿ ಸ್ಕ್ವಾಡ್ರನ್ನುಗಳೂ ಇದ್ದವು. ಬೇರೆ ಕೆಲಸ ಮಾಡುವವರು ಬಂದು ಹಾರುತ್ತಿದ್ದರು. ಈಗ ಇಲ್ಲ. 1949ರಿಂದ ಇರುವ ಟೆರಿಟೋರಿಯಲ್ ಆರ್ಮಿಗೆ ಕೆಲಸದಲ್ಲಿರುವವರು ಸೇರಬಹುದು, ಆದರೆ ಅದು ನೆಲದ ಮೇಲಿನ ಸೈನ್ಯ, ಅಲ್ಲಿ ಹಾರಾಟ ಸಿಗುವುದಿಲ್ಲ. ಹಾಗಾಗಿ ನಮ್ಮಲ್ಲಿ ಯೂನಿಫಾರ್ಮ್ ಬಿಚ್ಚಿದ ದಿನ ಆ ಹಾರಾಟ ಮುಗಿಯಿತು. ನನಗೆ ಇದು ಬೇಸರದ ವಿಷಯ. ಹದಿನಾಲ್ಕು ವರ್ಷ ಕಲಿಸಿ ಪಳಗಿಸಿದ ಕೈಯನ್ನು ವರ್ಷಕ್ಕೆ ಹದಿನೈದು ದಿನ ಕರೆದರೂ ಬರುವವರು ಎಷ್ಟೋ ಜನ ಇದ್ದೇವೆ. ನೆರೆ ಬಂದಾಗ ಟಿವಿಯಲ್ಲಿ ಹೆಲಿಕಾಪ್ಟರ್ ಕಂಡರೆ ನನ್ನ ಎಡಗೈ ತಾನಾಗಿಯೇ ಕುರ್ಚಿಯ ಕೈ ಹಿಡಿಯುತ್ತದೆ.

ಮಗಳಿಗೆ ಈಗ ಮಾಡಬಹುದಾದ ಇನ್ನೊಂದು ಕೆಲಸ ಎನ್‌ಸಿಸಿ. ಕಾಲೇಜಿನಲ್ಲಿ ನೌಕಾ ವಿಭಾಗ ಇದ್ದರೆ ಬಹಳ ಒಳ್ಳೆಯದು, ಇಲ್ಲದಿದ್ದರೆ ಯಾವುದಾದರೂ ಸರಿ. ಈಜಿಗೆ ಬೇಸಿಗೆ ತನಕ ಕಾಯಬೇಡಿ. ಹೊಳೆ, ಸಮುದ್ರದಲ್ಲಿ ಒಬ್ಬಳನ್ನೇ ಬಿಡಬೇಡಿ, ಕಲಿಸುವವರು ಇರುವ ಕೊಳದಲ್ಲೇ ಶುರು ಮಾಡಿಸಿ. ಮಾರ್ಚ್ ಒಳಗೆ 50 ಮೀಟರ್ ನಿಲ್ಲದೆ ಹೋಗಲಿ.

ಅಮ್ಮನಿಗೆ ಹೇಳಿ, ಬಲೆ ಸಿಗಲಿಲ್ಲ. ಬೋಟೂ ಹೋಯಿತು. ಹಡಗಿನ ಡೆಕ್ ಮೇಲೆ ಇಳಿಸಿ ಚಹಾ ಕೊಟ್ಟೆವು. ಅಜ್ಜ ಲೋಟ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೀರನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಹತ್ತಿರ ಬಂದು, ಯಾವ ಊರು, ಯಾರ ಮನೆ ಅಂತ ವಿಚಾರಿಸಿದರು. ಹೇಳಿದೆ. "ಘಟ್ಟದ ಮೇಲಿನವ ನೀನು, ಸಮುದ್ರಕ್ಕೆ ಯಾಕೆ ಬಂದೆ?" ಅಂದರು.

ಕುಮಟೆಯ ಅಪ್ಪ

ಅಮ್ಮನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಇವತ್ತು ಬೆಳಿಗ್ಗೆ ಐದೂವರೆಗೆ ಮಗಳು ಓಡಲು ಎದ್ದಾಗ, ಅಡಿಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಅಮ್ಮ ಅವಳಿಗೆ ರಾಗಿ ಅಂಬಲಿ ಕಾಸುತ್ತಿದ್ದರು.